ಜ್ಞಾನಮ್ಮನವರ ಕೊನೆಯ ಅಭ್ಯಂಗನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಫಾದರ್ ಇನ್ನಾಸಪ್ಪನವರೇ, ಸಿಸ್ಟರ್‌ಗಳೇ, ಕಂಪಲಾಪುರದ ಸಭಿಕರೇ,

ಇಪ್ಪತ್ತೆಂಟು ವರ್ಷ ಉಪದೇಶಿಯಾಗಿದ್ದ ಈ ಚೌರಪ್ಪನಿಗೆ ಶಾಲು ಹೊದಿಸಿದ್ದೀರಿ. ನಾನು ಮಾಡಿದ್ದಾದರೂ ಏನು? ಮಕ್ಕಳಿಗೆ ಏಳು ಸಂಸ್ಕಾರಗಳನ್ನು ಬಾಯಿಪಾಠ ಮಾಡಿಸಿದೆ. ಉಳಿದವನ್ನು ಮರೆತರೂ ವಿವಾಹವನ್ನು ಯಾರೂ ಮರೆಯುತ್ತಿರಲಿಲ್ಲ. ಊಟವಿದೆಯಲ್ಲ.

ಸಾಯುವವರ ಮನೆಗೆಲ್ಲ ಗುರುಗಳನ್ನು ತಪ್ಪದೆ ಕರೆದೊಯ್ದವನು ಎಂದು ಅಭಿನಂದನಾ ಪತ್ರದಲ್ಲಿ ಓದಿದಿರಿ. ಅದು ನಿಜವಲ್ಲ.

ಹನ್ನೊಂದು ವರ್ಷದ ಹಿಂದೆ, ಇದೇ ಫಾದರ್ ಇನ್ನಾಸಪ್ಪನವರು ಇಲ್ಲಿ ಗುರುಗಳಾಗಿದ್ದಾಗ, ಒಂದು ಮಧ್ಯಾಹ್ನ ಪವಿತ್ರಾ ಫೋನ್ ಮಾಡಿದಳು. ಅವಳ ತಾಯಿ ಜ್ಞಾನಮ್ಮನವರು ಹಾಸಿಗೆ ಹಿಡಿದಿದ್ದರು.

"ಚೌರಪ್ಪಣ್ಣ, ಅವ್ವ ಸ್ವಾಮಿಗಳ್ನ ಕೇಳ್ತಾವ್ಳೆ. ಬೇಗ ಕರ್ಕೊಂಡ್ ಬನ್ನಿ ಕಣಣ್ಣ."

"ಫಾದರ್ ಮೈಸೂರ್ಗೆ ಓಗವ್ರೆ ಕಣವ್ವ. ನಾಳೆ ಕರ್ಕೊಂಡ್ ಬತ್ತೀನಿ."

ಫಾದರ್ ಎಲ್ಲಿಗೂ ಹೋಗಿರಲಿಲ್ಲ. ಹೊಗೆಸೊಪ್ಪು ಹದ ಮಾಡುವ ನನ್ನ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿಯ ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಹೆಂಡತಿ ಪಕ್ಕದಲ್ಲೇ ಇದ್ದಳು, ಒಂದು ಗಂಟೆ ನೋಡಿಕೋ ಎನ್ನಬಹುದಿತ್ತು. ಎನ್ನಲಿಲ್ಲ.

ಸಂಜೆಗೆ ಜ್ಞಾನಮ್ಮನವರು ತೀರಿಕೊಂಡರು. ಸಾಯುವವರ ಹಣೆಗೆ ಗುರುಗಳು ಪವಿತ್ರ ತೈಲ ಹಚ್ಚುವ ಅಭ್ಯಂಗನವೂ ಇಲ್ಲ, ಪರಮಪ್ರಸಾದವೂ ಇಲ್ಲ.

ಮಾರನೆಯ ಬೆಳಿಗ್ಗೆ ನಾನು ಪಾಪನಿವೇದನೆಗೆ ಮೊಣಕಾಲೂರಿದೆ. ಫಾದರ್ ಎಲ್ಲವನ್ನೂ ಕೇಳಿ ಪಾಪಕ್ಷಮೆ ನೀಡಿದರು. ಪ್ರಾಯಶ್ಚಿತ್ತವಾಗಿ ಒಂದೇ ಮಾತು ಹೇಳಿದರು: "ನೀನೇ ಹೋಗಿ ಪವಿತ್ರಾಗೆ ನಿಜ ಹೇಳು."

ಮಣ್ಣು ಮಾಡುವ ಹೊತ್ತಿಗೆ ಪವಿತ್ರಾ ಎಲ್ಲರ ಮುಂದೆ ಕೇಳಿದಳು. "ನಮ್ಮವ್ವ ಸಾಯೋವಾಗ ಮೈಸೂರಲ್ಲಿ ಏನ್ ಕೆಲ್ಸ ಇತ್ತು ಸ್ವಾಮಿ ನಿಮ್ಗೆ?"

ಫಾದರ್ ಏನು ಹೇಳಬೇಕಿತ್ತು? ತಾವು ಇಲ್ಲೇ ಇದ್ದುದಾಗಿ ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ. ತನ್ನ ಮೇಲೆ ಬಂದ ಅಪವಾದ ಕಳೆದುಕೊಳ್ಳಲೂ ಹೇಳುವಂತಿಲ್ಲ. ಮಕ್ಕಳಿಗೆ ನಾನೇ ಕಲಿಸಿದ ಪಾಠವಿದು. ಅವರು "ಕ್ಷಮಿಸವ್ವ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ತೀರ್ಥದ ಪಾತ್ರೆ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದು ಮುಂದೂಡುತ್ತಲೇ ಬಂದೆ. ಫಾದರ್‌ಗೆ ವರ್ಗವಾಯಿತು. ಊರಿನವರು ಅವರನ್ನು ಚೆನ್ನಾಗಿ ಬೀಳ್ಕೊಡಲೂ ಇಲ್ಲ.

ಅಂದಿನಿಂದ ಪವಿತ್ರಾ ಚರ್ಚಿಗೆ, ಬಲಿಪೂಜೆಗೆ ಬಂದಿಲ್ಲ. ಇಂದು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ನನಗೆ ಸನ್ಮಾನವೆಂದು, ನನ್ನ ಮೇಲಿನ ಗೌರವಕ್ಕೆ ಬಂದಿದ್ದಾಳೆ. ಇದಕ್ಕಿಂತ ದೊಡ್ಡ ನಾಚಿಕೆ ನನಗೆ ಇನ್ನೇನಿದೆ?

ಪವಿತ್ರಾ, ಫಾದರ್ ಅಂದು ಚರ್ಚಿನಲ್ಲೇ ಇದ್ದರು ಕಣವ್ವ. ನಾನು ಅವರಿಗೆ ತಿಳಿಸಲೇ ಇಲ್ಲ. ತಿಳಿಸಿದ್ದರೆ ನಡೆದುಕೊಂಡಾದರೂ ಬರುತ್ತಿದ್ದರು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಎದ್ದು ಹೋಗಬೇಕೆನಿಸಿದರೆ ಹೋಗು. ಹೋಗುವ ಮೊದಲು ಈ ವೇದಿಕೆಯ ಮೇಲೆ ಕೂತಿರುವ ಅವರನ್ನೊಂದು ಸಲ ಮಾತಾಡಿಸವ್ವ.

ಸಭಿಕರೇ, ಇಷ್ಟು ಹೊತ್ತು ನನ್ನನ್ನು ನಿಲ್ಲಗೊಟ್ಟಿದ್ದಕ್ಕೆ ಕೃತಜ್ಞನಾಗಿದ್ದೇನೆ. ನಮಸ್ಕಾರ.