ನನ್ನ ಗಾಲಿ ನಾನ ಬಿಗೀತೀನಿ

...ಇಲ್ಲ ವೈನಿ, ಒಳಗ ಬರಂಗಿಲ್ಲ. ಇಲ್ಲೇ ಕಟ್ಟಿ ಮ್ಯಾಲ ಕುಂದರ್ತೀನಿ. ಕೈಯೆಲ್ಲಾ ಗ್ರೀಸ್ ಅದ, ನಿಮ್ಮ ಫರ್ಸಿ ಹೊಲಸಾಗ್ತದ. ನೀರು... ಹಾಂ, ನೀರು ಬೇಕು. ತಂಬಿಗಿ ಅಲ್ಲೇ ಇಡ್ರಿ, ನಾ ತೊಗೋತೀನಿ. ನೀವು ಬ್ಯಾಳಿ ಆರಸ್ಲಿಕತ್ತಿದ್ರಿ, ಆರಸ್ರಿ. ನನ್ನ ಸಲುವಾಗಿ ಕೆಲಸ ಬಿಡಬ್ಯಾಡ್ರಿ.

ಏನು ಹೇಳ್ಲಿಕತ್ತಿದ್ದೆ? ಟಾಯರ್ ದುಕಾನದ ಮಾತು. ಮಂದಿ ಜೀವಾನ ನಾಕು ಗಾಲಿ ಮ್ಯಾಲ ಇರ್ತದ, ಆ ಗಾಲಿ ಬಿಗಿಯೂ ಮುಂದ ಈ ದುಕಾನದವರ ಧ್ಯಾನ ಎಲ್ಲಿರ್ತದ? ಬಾಯಾಗಿನ ತಂಬಾಕಿನ ಮ್ಯಾಲ. ಹಾದ್ಯಾಗ ಹೋಗವ್ರ ಮ್ಯಾಲ. ನಿಮ್ಮ ರೇವಣಪ್ಪಂದೂ ಹಂಗೇ...

ಯಾಕ ನಗ್ತೀರಿ? ನಗಬ್ಯಾಡ್ರಿ ವೈನಿ. "ಅಂಬರಾಯಣ್ಣ ಮತ್ತ ನಮ್ಮ ಮನಿಯವರ ಜೋಡಿ ಜಗಳಾಡಿ ಬಂದಾನ" ಅಂತ ನಗ್ತೀರಿ, ನನಗ ಗೊತ್ತದ. ಹೌದು, ರೂಢಿನೇ ಆಗ್ಯದ. ಚಿತ್ತಾಪುರದಾಗ ಅಂವನ ಜೋಡಿ ಬಾಯಿ ಮಾಡೋದು, ವಾಡಿಗಿ ಬಂದು ನಿಮ್ಮ ಮುಂದ ದೂರು ಹೇಳೋದು. ನೀವು ಚಾ ಕೊಟ್ಟು, "ಇರ್ಲಿ ಬಿಡ್ರಿ, ಅವರ ಸ್ವಭಾವನೇ ಹಂಗ" ಅಂತೀರಿ. ನಾ ಚಾ ಕುಡದು ಸಿಟ್ಟು ಇಳಸ್ಕೊಂಡು ಹೋಗ್ತೀನಿ. ಇವತ್ತು ಚಾ ಬ್ಯಾಡ. ಖರೇನ ಬ್ಯಾಡ. ಕುಂದರ್ರಿ.

ನಾವಿಬ್ರೂ ಕೆಲಸ ಕಲ್ತದ್ದು ಒಂದ ಗ್ಯಾರೇಜಿನ್ಯಾಗ, ಸೇಡಂ ಕಡಿ ಜಾಗೀರದಾರರ ಹತ್ರ. ಅದು ನಿಮಗ ಗೊತ್ತಿದ್ದದ್ದೇ. ಒಂದ ತಾಟಿನ್ಯಾಗ ಉಂಡೀವಿ. ಪೊಲೀಸ್ ಆಕ್ಷನ್ ಆದ ಮ್ಯಾಲ ಅವರು ಇದ್ದದ್ದೆಲ್ಲಾ ಮಾರಿ ಹೈದ್ರಾಬಾದಿಗಿ ಹೋದ್ರು. ಹಳೀ ಫೋರ್ಡ್ ಗಾಡಿ ನಾ ಹಿಡದೆ. ಪಂಪು, ಜಾಕು, ನಟ್ಟು ಬಿಗಿಯೂ ಪಾನಾ ಎಲ್ಲಾ ರೇವಣಪ್ಪ ಹಿಡದ. ಅಂವ ಚಿತ್ತಾಪುರದಾಗ ದುಕಾನ ಹಾಕ್ದ, ನಾ ಮಂದೀನ ಹತ್ತಿಸ್ಕೊಂಡು ಸೇಡಂ, ಚಿಂಚೋಳಿ, ಶಹಾಬಾದ ತಿರುಗಾಕತ್ತೆ. ನಮ್ಮದು ಹೊಳಿ ದಂಡಿ ಮನೆತನ ವೈನಿ. ನಮ್ಮಪ್ಪ ಕಾಗಿಣಾ ಹೊಳ್ಯಾಗ ಹರಗೋಲು ಹಾಕ್ತಿದ್ದ. ಹರಗೋಲು ತೂತು ಬಿದ್ರ ಯಾರ ಕೈಯಾಗೂ ಕೊಡ್ತಿದ್ದಿಲ್ಲ. ತಾನ ತೊಗಲು ಹೊಲಿತಿದ್ದ, ತಾನ ಡಾಂಬರು ಬಡೀತಿದ್ದ. "ಮಂದೀನ ಹೊತ್ತೊಯ್ಯವ ತನ್ನ ತೂತು ತಾನ ನೋಡ್ಕೋಬೇಕೋ" ಅಂತಿದ್ದ. ನನಗ ಆ ಮಾತು ತಡಾ ಮಾಡಿ ತಿಳೀತು.

ದೋಸ್ತ ಅಂತ ಭರೋಸ ಇಟ್ಟಿದ್ದೆ. ಮೊದಲ ಸಲ ಪಂಚರ್ ಹಾಕ್ಸಿದಾಗ ಟಾಯರ್ ಒಳಗ ಮೊಳಿ ಹಂಗ ಬಿಟ್ಟಿದ್ದ. ಟ್ಯೂಬ್ ಹಚ್ಚಿದ, ಮೊಳಿ ತೆಗೀಲಿಲ್ಲ! ಮಳಖೇಡ ದಾಟೂದ್ರಾಗ ಗಾಡಿ ಕುಂತುಬಿಡ್ತು. ಇನ್ನೊಮ್ಮಿ ಕಬ್ಬಿಣದ ಪಟ್ಟಿ ಹಾಕಿ ಟಾಯರ್ ಎಬ್ಬಸೂ ಮುಂದ ಹೊಸಾ ಟ್ಯೂಬ್ ಕಚ್ಚಿ ಹರದ. ಕೇಳಿದ್ರ ಏನಂದ? "ರಬ್ಬರ್ ಐತಲೇ, ಹರೀತದ." ನಕ್ಕ. ನಾನೂ ನಕ್ಕೆ. ಅದ ನನ್ನ ತಪ್ಪು ನೋಡ್ರಿ, ನಾನೂ ನಕ್ಕೆ.

ಆಮ್ಯಾಲ ಸನ್ನತಿ ಹಾದಿ.

ಬಿಡ್ರಿ, ಆ ಮಾತು ಬಂದ್ರ ನೀವು ಯಾವಾಗೂ ತಲಿ ಕೆಳಗ ಹಾಕ್ತೀರಿ. ಆದ್ರ ಇವತ್ತು ಹೇಳ್ತೀನಿ, ಕೇಳ್ರಿ. ನಮ್ಮ ಮನ್ಯಾಕಿ ಭೀಮಬಾಯಿ ಚಂದ್ರಲಾಂಬಾ ತಾಯಿಗಿ ಹರಕಿ ಹೊತ್ತಿದ್ಲು. ಹೊಂಡೂ ಮುಂಚೆ ಗಾಲಿ ಬದಲಿ ಮಾಡಂತ ನಿಮ್ಮ ಮನಿಯವನ ಮುಂದ ಗಾಡಿ ನಿಂದ್ರಿಸ್ದೆ. ಅಂವ ಯಾರ ಜೋಡಿನೋ ಮಾತಾಡ್ಕೋತ ನಟ್ಟು ಬರೇ ಕೈಬಟ್ಟಿಲೆ ತಿರುವಿದ. ಪಾನಾ ಹಚ್ಚೇ ಇಲ್ಲ. "ಆಯ್ತು, ಹೋಗು" ಅಂತ ಗಾಲಿ ಮ್ಯಾಲ ಅಂಗೈ ಬಡದ. ನಾ ಹೋದೆ.

ಇಳುವಿನ್ಯಾಗ ಗಾಡಿ ಒಂದು ಕಡಿ ಅಲಗಾಡ್ತು. ನೋಡ್ತೀನಿ, ಗಾಲಿ ನಮ್ಮ ಮುಂದ ಓಡಾಕತ್ತದ! ನಮ್ಮ ಗಾಡಿದೇ ಗಾಲಿ, ನಮಗಿಂತ ಮುಂದ. ಆಮ್ಯಾಲ ಗಾಡಿ ಪಲ್ಟಿ ಹೊಡೀತು. ಆಕಿ ಬಾಗಿಲದ ಹೊರಗ ಕೈ ಹಾಕಿ ಹಿಡ್ಕೊಂಡಿದ್ಲು ವೈನಿ. ಇಡೀ ಗಾಡಿ ಆ ಕೈ ಮ್ಯಾಲ ಕುಂತಿತು. ಆಕಿ ಒದರಲಿಲ್ಲ. "ಎತ್ರಿ, ಎತ್ರಿ" ಅಂತ ಸಣ್ಣಗ ಅಂತಿದ್ಲು. ನಾ ಒಬ್ಬವ ಹೆಂಗ ಎತ್ತಲಿ? ಹೊಲದಾಗಿನ ಮಂದಿ ಓಡಿ ಬಂದು ಎತ್ತೂತನಕ ಆಕಿ ಅನ್ಕೋತನೇ ಇದ್ಲು. ಎತ್ತಿದ ಮ್ಯಾಲ ಅಲ್ಲಿ ಕೈ ಇದ್ದಿಲ್ಲ. ಏನೋ ಇತ್ತು... ಕೈ ಅಲ್ಲ. ಡಾಕ್ಟರ್ ಮಣಿಕಟ್ಟಿಗಿ ಕೊಯ್ದು ಬಿಟ್ರು.

ನೀವು ಬಂದ್ರಿ. ಅದನ್ನ ನಾ ಮರಿಯಂಗಿಲ್ಲ. ಆಕಿ ಎದ್ದು ಕುಂದ್ರೂತನಕ ನಮ್ಮ ಮನ್ಯಾಗ ಇದ್ದು ರೊಟ್ಟಿ ಬಡದು ಕೊಟ್ರಿ. ಆಕಿ ಹಾಸಿಗಿ ಮ್ಯಾಲಿಂದ ನಿಮ್ಮ ಕೈ ನೋಡ್ಕೋತ ಮಲಗಿರ್ತಿದ್ಲು. ನೀವು ಹೋದ ಮ್ಯಾಲ ಎಡಗೈಲೆ ಹಿಟ್ಟು ನಾದಿದ್ಲು. ಬಡದ್ಲು. ರೊಟ್ಟಿ ಆಗ್ಲಿಲ್ಲ, ಹರದು ಹರದು ಬಿತ್ತು. ಆ ಹಿಟ್ಟು ತೊಗೊಂಡು ಗ್ವಾಡಿಗಿ ಒಗದ್ಲು. ಆವತ್ತಿನಿಂದ ನಾವು ಅನ್ನ, ನುಚ್ಚು ಉಣ್ತೀವಿ.

ರೇವಣಪ್ಪನೂ ಬಂದಿದ್ದ. ಬಾಳಿಹಣ್ಣು ತಂದಿದ್ದ. ಬಾಗಿಲದಾಗ ನಿಂತು, "ನಸೀಬದಾಗ ಇದ್ದದ್ದು ಆಗ್ತದ ಅಂಬರಾಯ" ಅಂದ. ನಸೀಬ ಅಂತ! ನಟ್ಟು ಬಿಗೀಲಿಲ್ಲಂದ್ರ ನಸೀಬ! ಆವತ್ತ ಅಂವನ ಕುತ್ತಿಗಿ ಹಿಚುಕತಿದ್ದೆ. ಭೀಮಬಾಯಿ ಕಣ್ಣಿಲೆ ಬ್ಯಾಡ ಅಂದ್ಲು. ಬಿಟ್ಟೆ.

ಆಮ್ಯಾಲ ಯಾವ ದುಕಾನದವಂಗೂ ನನ್ನ ಗಾಲಿ ಮುಟ್ಟಗೊಡಲಿಲ್ಲ. ಜಾಕು ತಂದೆ, ಪಟ್ಟಿ ತಂದೆ, ದಪ್ಪನ್ನ ಪಾನಾ ಒಂದು ಬಡಗ್ಯಾರ ಹತ್ರ ಮಾಡಿಸ್ದೆ... ಬಡಗ್ಯಾರಲ್ಲ, ಕಮ್ಮಾರ, ಕಮ್ಮಾರ ಮಾಡಿ ಕೊಟ್ಟ. ನಾಲಿಗಿ ಹೊಳ್ಳವಲ್ದು ಇವತ್ತು. ಅಂಗಳದಾಗ ಕುಂತು ಟಾಯರ್ ಬಿಚ್ಚೋದು, ಹಾಕೋದು, ಮತ್ತ ಬಿಚ್ಚೋದು. ಉಗುರು ಕಿತ್ತು ಹೋದ್ವು. ರಿಮ್ಮಿನ ಮ್ಯಾಲ ಸುತ್ತಿಗಿ ಹೊಡಿಯೂ ಮುಂದ ಖರೇ ಹೇಳ್ತೀನಿ, ರಿಮ್ಮು ಕಾಣ್ತಿದ್ದಿಲ್ಲ. ಒಂದು ಮಾರಿ ಕಾಣ್ತಿತ್ತು. ಭೀಮಬಾಯಿ ಒಳಗಿಂದ, "ಅಷ್ಟು ಜೋರಲೆ ಯಾಕ ಹೊಡೀತೀರಿ? ಅದು ಕಬ್ಬಿಣ, ಮನಷ್ಯಾ ಅಲ್ಲ" ಅಂತಿದ್ಲು. ಆಕಿಗಿ ತಿಳದಿತ್ತು. ನಿಮಗ ತಿಳದಿದ್ದಿಲ್ಲ, ನೀವು ನಗ್ತಿದ್ರಿ.

ಹಾದ್ಯಾಗ ನಿಂದ್ರಿಸಿ, ಹತ್ತಿದವರನ್ನೆಲ್ಲಾ ಇಳಿಸಿ, ನಾಕೂ ಗಾಲಿ ಬಿಗದು ನೋಡ್ತಿದ್ದೆ. ಮಂದಿ ಬೈತಿದ್ರು. "ಹುಚ್ಚ ಡ್ರಾಯವರ್" ಅಂತಿದ್ರು. ಅನ್ಲಿ. ನನ್ನ ಗಾಲಿ ನಾನ ಬಿಗೀತೀನಿ.

ಏನು? ಇವತ್ತೇನಾತು ಅಂತೀರಾ? ನೀವು ಅನ್ಲಿಲ್ಲ, ಆದ್ರ ನೋಡ್ಲಿಕತ್ತೀರಿ.

ಇವತ್ತು ಮುಂಜಾನಿ ಚಿತ್ತಾಪುರಕ್ಕ ಸವಾರಿ ಬಿಟ್ಟು ಹೊಳ್ಳಾಕತ್ತಿದ್ದೆ. ಪಾನಾ ನನ್ನ ಸೀಟಿನ ಬಾಜೂಕ ಇತ್ತು, ಯಾವಾಗೂ ಅಲ್ಲೇ ಇರ್ತದ. ರೇವಣಪ್ಪನ ದುಕಾನದ ಮುಂದ ಒಂದು ಗಾಡಿ ನಿಂತಿತ್ತು. ಚಿಂಚೋಳಿ ಕಡಿ ಲಗ್ನಕ್ಕ ಹೊಂಟ ಹೆಣ್ಮಕ್ಳು ಒಳಗ ತುಂಬಿದ್ರು, ಎಳೀ ಕೂಸುಗೋಳು ತೊಡಿ ಮ್ಯಾಲ. ಇಂವ ಗಾಲಿ ಹಾಕಾಕತ್ತಿದ್ದ. ನಾ ದೂರಿಂದ ನೋಡ್ದೆ. ಎರಡು ನಟ್ಟಿಗಿ ಪಾನಾ ಹಚ್ಚಿದ. ಉಳದ ಮೂರು ಬಟ್ಟಿಲೆ ತಿರುವಿದ. ಅದ ಬಟ್ಟು, ಅದ ತಿರುವು. ಗಾಲಿ ಮ್ಯಾಲ ಅಂಗೈ ಬಡದು, "ಆಯ್ತು, ಹೋಗ್ರಿ" ಅಂದ.

ಅದ ಮಾತು ವೈನಿ.

ನಾ ಇಳದೆ. "ನಿಂದ್ರಿಸ್ರಿ" ಅಂದೆ. "ರೇವಣಪ್ಪ, ಮೂರು ನಟ್ಟು ಸಡ್ಲ ಅವ" ಅಂದೆ. ಅಂವ ಬಾಯಾಗಿನ ತಂಬಾಕು ಉಗುಳಿ, "ನಿನ್ನ ಗಾಡಿ ನೀ ನೋಡ್ಕೋ ಹೋಗಲೇ" ಅಂದ. ಮುಗೀತು. ನಾನ ಪಾನಾ ತೊಗೊಂಡು ಕುಂತು ಮೂರೂ ಬಿಗದೆ, ಗಾಡಿ ಹೋತು. ಇಷ್ಟ. ಇಷ್ಟ ಆತು.

ಕೈ ಯಾಕ ನಿಂದ್ರಿಸಿದ್ರಿ? ಬ್ಯಾಳಿ ಆರಸ್ರಿ.

ಇದಾ? ಧೋತರಕ್ಕ ಹತ್ತಿದ್ದು? ತುಕ್ಕು ಇದು. ಹಳೀ ರಿಮ್ಮು ಎತ್ತಿದ್ದೆ... ಇಲ್ಲ, ತುಕ್ಕು ಅಲ್ಲ ಬಿಡ್ರಿ. ಕೈ ಸುಲದದ. ನಂದೇ ಕೈ. ಎಲ್ಲೀನೋ... ಈ ಕಡಿ ಅಲ್ಲ, ಆ ಕಡಿ ಇರಬೇಕು. ಇಲ್ಲ, ತೋರಸಂಗಿಲ್ಲ. ಗಾಡಿ ಕಡಿ ಯಾಕ ನೋಡ್ತೀರಿ? ಕಂಬಳಿ ಬಿಸಿಲಿಗಿ ಕಟ್ಟೀನಿ. ಬೇವಿನ ಗಿಡದ ನೆರಳಾಗ ನಿಂದ್ರಿಸಿ ಬಿಸಿಲಿಗಿ ಯಾಕ ಕಟ್ಟೀನಂತ ಕೇಳಬ್ಯಾಡ್ರಿ. ಕುಂದರ್ರಿ ವೈನಿ. ಏಳಬ್ಯಾಡ್ರಿ. ಮೊರ ಬಿತ್ತು ನೋಡ್ರಿ, ಬ್ಯಾಳಿ ಚೆಲ್ಲಿತು...

ಏನರ ಕೇಳ್ರಿ. ಕೇಳಿದ್ರ ಸುಳ್ಳು ಹೇಳ್ಲಿಕ್ಕ ಬರ್ತದ. ಹಿಂಗ ಬಾಯಿ ಮುಚ್ಚಿ ನೋಡಿದ್ರ ನಾ ಏನು ಹೇಳ್ಲಿ?

ಅಂವ ಇನ್ನೊಂದು ಮಾತು ಅಂದ. "ನಿನ್ನ ಹೆಂಡ್ತಿ ಕೈ ಹೋತಂತ ಊರ ಗಾಡಿ ಎಲ್ಲಾ ನೀನ ಬಿಗೀತೀಯೇನು?" ಅಂದ. ನಕ್ಕ. ಸಿಟ್ಟಿನ್ಯಾಗ ಅಂದದ್ದಲ್ಲ ಅದು, ಅಂವ ನನ್ನ ಮ್ಯಾಲ ಎಂದೂ ಸಿಟ್ಟಿಗೆದ್ದವನಲ್ಲ. ಚ್ಯಾಷ್ಟಿ ಮಾಡ್ದ. ನನ್ನ ಹೆಗಲ ಮ್ಯಾಲ ಕೈ ಇಟ್ಟ, ನಗಸ್ಲಿಕ್ಕ. ಪಾನಾ ನನ್ನ ಕೈಯಾಗ ಇತ್ತು.

ಮೊದಲನೇ ಏಟು ಹೆಗಲಿಗಿ ಬಿತ್ತು. ಅಂವ "ಏ ಅಂಬ್ಯಾ" ಅಂದ. ಸಣ್ಣವರಿದ್ದಾಗ ಕರೀತಿದ್ನಲ್ಲ, ಹಂಗ. ಆವಾಗ ನಿಲ್ಲಬಹುದಿತ್ತು. ಅಲ್ಲಿಗೇ ನಿಲ್ಲಬಹುದಿತ್ತು ನಾ. ನಿಲ್ಲಲಿಲ್ಲ. ಎರಡನೇದು ತಲಿಗಿ. ತೆಂಗಿನಕಾಯಿ ಸಪ್ಪಳ ಬಂತು. ಬಿದ್ದ ಮ್ಯಾಲೂ ಹೊಡದೆ. ಎಲ್ಲಿ ಬಿತ್ತೋ ನೋಡ್ಲಿಲ್ಲ, ಹೊಡದೆ. ಗಾಡ್ಯಾಗಿನ ಹೆಣ್ಮಕ್ಳು ಚೀರಿದ್ರು, ಕೂಸುಗೋಳು ಅಳಾಕತ್ವು. ಆ ಅಳೂದು ಕೇಳಿ ಕೈ ನಿಂತಿತು.

ಮತ್ತ ಕೇಳ್ರಿ. ಇದನ್ನೂ ಕೇಳಬೇಕು ನೀವು. ಅಂವ ಅಲ್ಲಿ ಬಿದ್ದಿದ್ದ, ಕಿವ್ಯಾಗಿಂದ ಬರ್ತಿತ್ತು ರಕ್ತ. ನಾ ಅಂವನ್ನ ಎತ್ತಲಿಲ್ಲ. ನಾ ಕುಂತು ಮೊದಲು ಆ ಮೂರು ನಟ್ಟು ಬಿಗದೆ. ಅದ ಪಾನಾಲೆ. ಒಂದೊಂದೇ, ಜೋರಲೆ, ಎಲ್ಲಾ ಬಿಗದು, ಅಂವ ಬಿಗದ ಎರಡಕ್ಕೂ ಹಚ್ಚಿ ನೋಡ್ದೆ. "ಈಗ ಹೋಗ್ರಿ" ಅಂದೆ. ಆಮ್ಯಾಲ ಅಂವನ್ನ ಎತ್ತಿದೆ. ದುಕಾನದ ಸುತ್ತ ಮಂದಿ ನೆರದಿತ್ತು, ಒಬ್ರೂ ನನ್ನ ಹತ್ರ ಬರ್ಲಿಲ್ಲ. ಪಾನಾ ಇನ್ನೂ ಕೈಯಾಗ ಇತ್ತಲ್ಲ.

ಹಿಂದಿನ ಸೀಟಿನ ಮ್ಯಾಲ ಮಲಗ್ಸೀನಿ. ರುಮಾಲು ಬಿಚ್ಚಿ ತಲಿಗಿ ಬಿಗೀ ಕಟ್ಟೀನಿ. ಉಸುರಾಡಾಕತ್ತಾನ ವೈನಿ. ಶಹಾಬಾದ ದವಾಖಾನಿಗಿ ಒಯ್ಲಿಕತ್ತೀನಿ. ಹಾದಿ ಭಾಳ ಕೆಟ್ಟದ, ತಲಿ ಹೊಯ್ದಾಡ್ತದ. ಗಾಡಿ ಹೊಡೀಲೋ, ತಲಿ ಹಿಡೀಲೋ? ಒಬ್ಬವನಿಂದ ಆಗಂಗಿಲ್ಲ. ನೀವು ಬಂದು ತೊಡಿ ಮ್ಯಾಲ ತಲಿ ಇಟ್ಕೊಂಡು ಕುಂದರ್ರಿ, ಅದಕ್ಕ ಕರೀಲಿಕ್ಕ ಬಂದೀನಿ. ಹೌದು, ಬಂದು ಕುಂತು ಇಷ್ಟೊತ್ತು ಮಾತಾಡ್ದೆ. ಬಾಯಿಗಿ ಬರ್ಲಿಲ್ಲ ಅದು... ಹೋಗ್ರಿ, ನೋಡ್ರಿ ಹೋಗ್ರಿ. ಕಂಬಳಿ ಸರಸ್ರಿ. ಚಪ್ಪಲಿ ಹಾಕ್ಕೋರಿ, ನೆಲ ಸುಡ್ತದ.

ನೋಡಿದ್ರಾ? ಉಸುರಾಡಾಕತ್ತಾನಿಲ್ಲೋ? ಹತ್ರ ಹೋಗಿ ನೋಡ್ರಿ. ಸಣ್ಣಗ ಆಡ್ತಾನ, ತಿಳಿಯಂಗಿಲ್ಲ. ಹೂಂ ಅನ್ರಿ. ನಾ ಇಂಜಿನ್ ಚಾಲೂ ಮಾಡ್ತೀನಿ.

ಚೀರ್ರಿ. ನನ್ನ ಬಡೀರಿ. ಪಾನಾ ಅಲ್ಲೇ ಕೆಳಗ ಬಿದ್ದದ. ಅಂವನ ಮಾರಿ ಮ್ಯಾಲ ಕೈ ಇಟ್ರಿ, ತೆಗೀಲಿಲ್ಲ. "ಜಲ್ದಿ ಹೋಗಾಣ ನಡೀರಿ" ಅಂತ ಯಾಕ ಅನಂಗಿಲ್ಲ? ಜೀವ ಇದ್ದವರಿಗಿ ಹಂಗ ಅಂತಾರ... ನೀವು ಸೆರಗಿಲೆ ಅಂವನ ಬಾಯಿ ಒರಸಾಕತ್ತೀರಿ. ಕಣ್ಣು ಮುಚ್ಚಾಕತ್ತೀರಿ ಅಂವಂದು.

ಹೌದು ವೈನಿ.

ವಾಡಿ ರೇಲ್ವೆ ಗೇಟ್ ಹಾಕಿತ್ತು. ಮಾಲಗಾಡಿ ಹೊಂಟಿತ್ತು, ಮುಗೀಲೇ ಒಲ್ಲದು. ಅಲ್ಲಿತನ ಅಂವ ಗುರ್ರ ಗುರ್ರ ಅಂತಿದ್ದ, ಆ ಸಪ್ಪಳ ಕೇಳ್ಕೋತನೇ ಗಾಡಿ ಹೊಡದಿದ್ದೆ. ಕಡೀ ಡಬ್ಬಿ ದಾಟಿದ ಮ್ಯಾಲ ನನ್ನ ಇಂಜಿನ್ ಬಂದ್ ಮಾಡ್ದೆ, ಅಂವನ ಉಸುರು ಕೇಳಬೇಕಂತ. ಎಲ್ಲಾ ಸುಮ್ನಾತು. ಹಕ್ಕಿ ಕೂಗೂದು ಕೇಳ್ತು, ಗೇಟಿನವ ಸರಪಳಿ ಎಳಿಯೂದು ಕೇಳ್ತು. ಭಾಳೊತ್ತು ಕಿವಿಗೊಟ್ಟು ಕುಂತೆ. ಗೇಟ್ ತೆಗದು ಆ ಗೇಟಿನವ ನನ್ನ ಕಡಿ ನೋಡಿ, "ಹೋಗಪ್ಪ, ಇನ್ನೇನು?" ಅಂದ.

ಶಹಾಬಾದ ಹಾದಿ ಬಿಟ್ಟು, ನಿಮ್ಮ ಮನಿ ಕಡಿ ಹೊಳ್ಳಿಸ್ದೆ.