ತುಪ್ಪಳದ ಕಾಲರು

ಲಾಂಡ್ರಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅತ್ತಿಗೆ ನಾದಿನಿ ನಿಂತಿದ್ದರು. ನಾದಿನಿಯ ತೋಳಿನ ಮೇಲೆ ತುಪ್ಪಳದ ಕಾಲರಿನ ಹೊಸ ಕೋಟು.

“ಇಷ್ಟು ಅಗ್ಗಕ್ಕೆ ಅಷ್ಟು ದೊಡ್ಡ ಕಂಪನಿ ಕೋಟಾ?” ಎಂದಳು ಅತ್ತಿಗೆ.

“ಕಂಪನಿ ಹೆಸರು ನಕಲಿ, ಗೊತ್ತಿದ್ದೇ ತಗೊಂಡೆ. ತುಪ್ಪಳಾನೂ ನಕಲೀನೇ, ಬರೀ ನೈಲಾನು ಅಂತ ಚೀಟೀಲಿದೆ.”

“ಹೆಸರಲ್ಲೇ ಟೋಪಿ ಹಾಕಿದವನು ಚೀಟೀಲಿ ನಿಜ ಬರೀತಾನಾ? ಒಂದೆಳೆ ಸುಟ್ಟು ನೋಡ್ಬೇಕಿತ್ತು.”

“ನೋಡ್ದೆ ಅತ್ತಿಗೆ. ಕರಗ್ಲಿಲ್ಲ. ತಲೆಕೂದಲು ಸುಟ್ಟ ವಾಸನೆ ಬಂತು.”

“ಹಾಗಾದ್ರೆ ಯಾವುದೋ ಪ್ರಾಣೀದು. ಮೊಲಾನಾ?”

“ಮೊಲ ಅಂತಾನೇ ಅಂದ್ಕೊಂಡಿದ್ದೆ. ಆದ್ರೆ ನಮ್ಮ ನಾಯಿ ಇದನ್ನ ಮೂಸಿದ್ದೇ ಮಂಚದ ಕೆಳಗೆ ಸೇರ್ಕೊಂಡಿದೆ. ಊಟಕ್ಕೆ ಕರೆದ್ರೂ ಬರ್ತಿಲ್ಲ.”

“ಅಯ್ಯೋ, ನಾಯೀದೇನೇ ಇದು?”

ಸರದಿ ಬಂದಾಗ ನಾದಿನಿ ಕೋಟನ್ನು ಲಾಂಡ್ರಿಯವನ ಮುಂದೆ ಹಾಕಿದಳು. ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

“ವಾಸನೆ ಪೂರ್ತಿ ಹೋಗ್ಬೇಕು. ನಮ್ಮ ನಾಯಿಗೆ ಗೊತ್ತಾಗ್ಬಾರ್ದು.”