ಗೋಡಿಯ ತುದಿಗೆ ನಿಂತಾಕಿ

ವೇದಿಕೆಯನ್ನು ಅಲಂಕರಿಸಿರುವ ಶಾಲಾ ಸಮಿತಿಯ ಅಧ್ಯಕ್ಷರಾದ ಸಿದ್ದಲಿಂಗೇಶ ಅವರೇ, ನಮ್ಮ ಸಾರವಾಡದ ಸಾಲಿಯ ಹೆಡ್ ಅಕ್ಕೋರಾದ ಚಂದ್ರಕಲಾ ಅವರೇ, ಇಂಥಾ ಬಿಸಲಾಗೂ ತಾಳ್ಮಿಯಿಂದ ಕುಂತ ಸಭಿಕರೇ, ಮತ್ತ ಆಗಲೇ ಆಕಳಸಾಕತ್ತಿರುವ ನನ್ನ ವಾರಗಿ ಗೆಳೆಯರೇ, ನಿಮ್ಮೆಲ್ಲರಿಗೂ ಯಲಗೂರಪ್ಪ ಮೇಸ್ತ್ರಿಯ ಶರಣು.

ಗಾಂಧಿ ಚೌಕದಿಂದ ತಂದ ಶಾಲು ಹೊದಿಸಿದ್ರಿ, ಹಣ್ಣಿನ ಬುಟ್ಟಿ ಕೊಟ್ರಿ. "ಕಡಲಿಗೆ ಗೋಡೆ ಕಟ್ಟಿ ಬಂದ ನಮ್ಮೂರ ಹೆಮ್ಮೆಯ ಪುತ್ರ" ಅಂತ ಅಕ್ಕೋರು ಓದಿದರು. ಪುತ್ರಗ ಅರವತ್ತೆಂಟು ವರ್ಷ ಆಗ್ಯಾವ, ಇರಲಿ. ಈ ಸಭೆ ಮುಗಿದ ಮ್ಯಾಲ ಎಲ್ಲಾರೂ ಹಳ್ಳದ ದಂಡಿಗೆ ಹೋಗೂದೈತಿ. ಸಾಲಿ ಅಂಗಳ ಕೊಚ್ಚಿ ಹೋಗದಂಗ ಅಲ್ಲೊಂದು ಕಲ್ಲಿನ ಗೋಡಿ ಏಳತೈತಿ, ಅದರ ಮೊದಲನೇ ಕಲ್ಲು ನಾನ ಇಡಬೇಕಂತ. ಆ ಕಲ್ಲಿನ ಬಗ್ಗೆ ನಂದೊಂದು ಮಾತೈತಿ. ಆದ್ರ ಕಡಲಿನಿಂದ ಶುರು ಮಾಡದಿದ್ರ ಅದು ತಿಳಿಯಾಂಗಿಲ್ಲ.

ಹದಿನೆಂಟು ವರ್ಷದ ಹಿಂದ ಇಪ್ಪತ್ತು ಮಂದಿ ಕರ್ಕೊಂಡು ದುಡಿಯಾಕಂತ ಉಡುಪಿ ಕಡೆ ಹೋದೆ. ಬಸ್ಸಿಳಿದು ಕಡಲು ನೋಡಿದವನ ಒಂದು ಬೊಗಸಿ ನೀರು ಬಾಯಿಗೆ ಹಾಕ್ಕೊಂಡೆ. ಮಂದಿ ಹೇಳೂದು ಖರೇನೋ ಸುಳ್ಳೋ ನೋಡಬೇಕಲ್ಲ? ಖರೇನ ಉಪ್ಪು. ಫೋನಿನ್ಯಾಗ ಇದನ್ನ ಹೇಳಿದ್ರ ನನ್ನ ಹೆಂಡತಿ ರೇಣುಕವ್ವ, "ಅಷ್ಟು ನೀರಿದ್ದೂ ಒಂದು ಕೊಡ ಕುಡಿಯಾಕ ಬರಾಂಗಿಲ್ಲಂದ್ರ ಅಲ್ಲೇನ್ ಮಾಡ್ತೀರಿ, ಬಂದಬಿಡ್ರಿ" ಅಂದ್ಲು.

ಅಲ್ಲಿ ಮಳಿಗಾಲ ಬಂತಂದ್ರ ಕಡಲು ಉಬ್ಬಿ ದಂಡಿ ತಿಂತಿತ್ತು. ಟಿಪ್ಪರಿನ್ಯಾಗ ಬರೋ ಎಮ್ಮಿಯಂಥಾ ಕಲ್ಲು ಒಂದರ ಮ್ಯಾಲೊಂದು ಕೂರಿಸಿ ಅರ್ಧ ಕಿಲೋಮೀಟರ ಗೋಡಿ ನಿಲ್ಲಿಸೋದು ನಮ್ಮ ಕೆಲಸ. ಗೋಡಿ ಎಲ್ಲಿ ಮುಗೀತಿತ್ತೋ ಅದರ ಮುಂದಿನ ಮನಿ ವಾರಿಜಕ್ಕಂದು. ಮೀನು ಮಾರೋ ಹೆಣ್ಣುಮಗಳು. ನಾವು ಮೀನು ತಿನ್ನಾಂಗಿಲ್ಲಂತ ತಿಳಿದು, ನಮಗಂತ ಬ್ಯಾರೆ ಗಡಿಗ್ಯಾಗ ಕುಚ್ಚಲಕ್ಕಿ ಗಂಜಿ ಕುದಿಸಿ ಇಡತಿದ್ಲು. ಜ್ವರ ಬಂದಾಗ ನಾಕು ದಿನ ಆಕಿ ಜಗಲಿ ಮ್ಯಾಲ ಮಲಗಿದ್ದೆ. ಇದನ್ನ ರೇಣುಕವ್ವಗ ಇವತ್ತಿನತನಕ ಹೇಳಿರಲಿಲ್ಲ. ಮುಂದಿನ ಸಾಲಿನ್ಯಾಗ ಕುಂತಾಳ, ಈಗ ತಿಳೀತು. ಆ ಗಂಜಿ, ಆ ಮಾವಿನ ಉಪ್ಪಿನಕಾಯಿ, ಕಿವಿಯೊಳಗ ಹಗಲೂ ರಾತ್ರಿ ಕಡಲಿನ ಸಪ್ಪಳ. ಈಗೂ ಜೋರ ಗಾಳಿ ಬೀಸಿದ್ರ ನನಗ ಅದ ಕೇಳಸತೈತಿ.

ಆಕಿ ದಿನಾ ಮುಂಜಾನಿ ಗೋಡಿಯ ತುದಿಗೆ ಬಂದು ನಿಂದರತಿದ್ಲು. ಒಂದಿನ ಕೇಳಿದ್ಲು, "ಮೇಸ್ತ್ರಿಯವರೇ, ಗೋಡೆ ಇಲ್ಲಿಗೆ ನಿಲ್ತದೆ. ನೀರು ನಿಲ್ತದಾ? ಅದು ಎಲ್ಲಿಗೆ ಹೋಗುದು ಮಾರಾಯ್ರೇ?" ಉಸುಕಿನ ಮ್ಯಾಲ ಹಬ್ಬಿದ ಬಳ್ಳಿ ಕಿತ್ತಾಗ, "ಅದನ್ನು ಕೀಳ್ಬೇಡಿ, ಹೊಯಿಗೆ ಹಿಡ್ಕೊಂಡಿರುದೇ ಅದು" ಅಂದ್ಲು. ಹೊಯಿಗೆ ಅಂದ್ರ ನಮ್ಮ ಉಸುಕು. ನಾ ಏನಂದೆ? "ಅಕ್ಕಾ, ಇಂಜಿನಿಯರು ಹೊಡದ ಗೆರಿ ಇಲ್ಲಿಗೆ ಮುಗೀತೈತಿ" ಅಂದೆ. ತನ್ನ ಮನಿ ಮುಂದೂ ನಾಕು ಕಲ್ಲು ಹಾಕಿಸಿಕೊಳ್ಳಾಕ ಬೆನ್ನ ಹತ್ಯಾಳ ಅಂತ ತಿಳಿದಿದ್ದೆ.

ಸಭಿಕರೇ, ನಾವು ಹೊಲಕ್ಕ ಒಡ್ಡು ಹಾಕೂ ಮೊದಲು ಏನ್ ಮಾಡ್ತೀವಿ? ಕೆಳಗಿನ ಹೊಲದವರನ್ನ ಕರೀತೀವಿ. ಜಗಳ ಇದ್ರೂ ಕರೀತೀವಿ. ಚಹಾ ಕೊಟ್ಟು, "ನಿಂತು ನೋಡ್ರಿ, ನೀರು ನಿಮ್ಮ ಕಡೆ ಹೆಂಗ ತಿರಗತೈತಿ ಹೇಳ್ರಿ" ಅಂತೀವಿ. ನಮ್ಮಪ್ಪ ಹಂಗ ಕರೀದ ಒಂದು ಬುಟ್ಟಿ ಮಣ್ಣೂ ಹಾಕಿದವನಲ್ಲ. ಅಂಥಾ ಅಪ್ಪನ ಮಗ ಕಡಲ ದಂಡ್ಯಾಗ ಅದನ್ನ ಮರತೆ. ಯಾಕ ಮರತೆ? ಕಡಲಿಗೆ ಎಲ್ಲೀದು ಕೆಳಗಿನ ಹೊಲ ಅಂದ್ಕೊಂಡಿದ್ದೆ.

ಕಡಲಿಗೂ ಐತ್ರೀ. ತೆರಿ ನೆಟ್ಟಗ ಬರಾಂಗಿಲ್ಲ, ಓರಿಯಾಗಿ ಬರತೈತಿ. ಬಂದಾಗೊಮ್ಮೆ ಈ ಮನಿ ಮುಂದಿನ ಉಸುಕು ಒಂದಿಷ್ಟು ಆ ಮನಿ ಮುಂದಕ್ಕ ಸರಸತೈತಿ. ಹಂಗ ಒಬ್ಬರಿಂದ ಒಬ್ಬರಿಗೆ ಹೋಗಿ ದಂಡಿ ಉಳೀತೈತಿ. ನಾವು ನಡುವ ಕಲ್ಲು ಇಟ್ವಿ. ಉಸುಕು ಗೋಡಿ ಹಿಂದ ಸಿಕ್ಕೊಂಡು, ಮುಂದಿನವರಿಗೆ ಹೋಗೂದು ನಿಂತಿತು. ಕಲ್ಲಿಗೆ ಬಡದ ತೆರಿ ಗೋಡಿಯ ತುದಿಗೆ ಹೋಗಿ ತಿರುಗಿತು. ತುದಿಗೆ ಯಾರ ಮನಿ ಇತ್ತು? ಬರೇ ಕಲ್ಲು ಸಾಲಾಂಗಿಲ್ಲ, ಉಸುಕೂ ತುಂಬಬೇಕು, ಬಳ್ಳಿ ಬೆಳಸಬೇಕು ಅಂತ ಈಗಿನ ಇಂಜಿನಿಯರು ಅಂತಾರ. ವಾರಿಜಕ್ಕ ಅದನ್ನ ಅವತ್ತ ಹೇಳಿದ್ಲು.

ಕೆಲಸ ಮುಗಿಸಿ ಹೊಂಟಾಗ ಆಕಿ ಒಂದು ತೆಂಗಿನ ಸಸಿ ಕೊಟ್ಲು. ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ತಂದು ಹಿತ್ತಲದಾಗ ಹಚ್ಚಿದೆ. ನಮ್ಮ ಎರಿ ಮಣ್ಣಾಗ ಅದು ಬದುಕತೈತಿ ಅಂತ ಯಾರೂ ನಂಬಿರಲಿಲ್ಲ, ಬದುಕಿತು. ಹೋದ ದೀಪಾವಳಿಗೆ ಅದರದ ನಾಕು ಕಾಯಿ ಚೀಲದಾಗ ಹಾಕ್ಕೊಂಡು ಆಕಿನ್ನ ನೋಡಾಕ ಹೋದೆ. ಗೋಡಿ ಇತ್ತು. ಅದರ ಹಿಂದಿನ ಮನಿ ಎಲ್ಲಾ ಇದ್ದುವು. ತುದಿಯ ಆಚೆ ವಾರಿಜಕ್ಕನ ಜಗಲಿ ಇರಲಿಲ್ಲ, ತೆಂಗಿನ ಗಿಡ ಒಂದೂ ಇರಲಿಲ್ಲ. ನೀರಿತ್ತು.

ತಂಗಿಯ ಮನ್ಯಾಗ ಇದ್ಲು. ಕಣ್ಣು ಮಂಜಾಗ್ಯಾವ. ಬೈಸ್ಕೊಳ್ಳಾಕ ತಯಾರಾಗಿ ಹೋಗಿದ್ದೆ, ಆಕಿ ಗಂಜಿ ಬಡಿಸಿದ್ಲು. ಆಮ್ಯಾಲ ಕೇಳಿದ್ಲು, "ಮೇಸ್ತ್ರಿಯವರೇ, ನೀವು ಕಟ್ಟಿದ ಗೋಡೆ ಗಟ್ಟಿ ಉಂಟಲ್ಲ?" "ಗಟ್ಟಿ ಐತ್ರೀ ಅಕ್ಕಾ" ಅಂದೆ. ಅಷ್ಟ ಅಂದು, ಗಂಜಿ ಗಂಗಾಳದ ಮುಂದ ಕುಂತು ಅತ್ತೆ. ಇಂಥಾದ್ದನ್ನ ಸಭಾದಾಗ ಹೇಳಬಾರದು, ಹೇಳಿದೆ.

ಈಗ ನಮ್ಮ ಹಳ್ಳಕ್ಕ ಬರೋಣ. ಇವತ್ತ ಮುಂಜಾನಿ ಸುಣ್ಣದ ಗೆರಿ ಹೊಡಿಯಾಕ ಹೋದಾಗ, ಗೋಡಿ ಮುಗಿಯೋ ಜಾಗಾದ ಆಚೆ ತನ್ನ ಹೊಲದ ತುದಿಗೆ ಕಾಳವ್ವ ನಿಂತಿದ್ಲು. ಆಕಿಗಿರೂದು ಅದೊಂದ ಎಕರೆ. ಸುಣ್ಣದ ಗೆರಿ ತನ್ನ ಹೊಲದ ಈಚೆ ಮುಗಿದದ್ದನ್ನ ನೋಡ್ತಿದ್ಲು. ಈ ಸಭೆಗೂ ಬಂದಾಳ, ಪೆಂಡಾಲದ ಹೊರಗ ನಿಂತಾಳ. ಆಕಿನ್ನ ಯಾರೂ ಕರದಿಲ್ಲ. ಮುಂಜಾನಿ ನಾನೂ ಕರೀದ ಹಂಗ ಬಂದೆ.

ಅಧ್ಯಕ್ಷರೇ, ಸಾಲಿ ಅಂಗಳ ಉಳೀಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಇವತ್ತ ನಾ ಕಲ್ಲು ಇಡಾಂಗಿಲ್ಲ. ಪೂಜಾಕ್ಕಂತ ನಾ ತಂದ ಈ ಕಾಯಿ ವಾರಿಜಕ್ಕ ಕೊಟ್ಟ ಗಿಡದ್ದು, ಇದನ್ನ ಇವತ್ತ ಒಡೀಬ್ಯಾಡ್ರಿ. ಕಾಳವ್ವಾ, ಒಳಗ ಬಾ ಯವ್ವಾ. ನನ್ನ ಕುರ್ಚಿ ಖಾಲಿ ಐತಿ, ಬಂದು ಕುಂದ್ರು. ನಾಳೆ ಮುಂಜಾನಿ ನಿನ್ನ ಹೊಲದಾಗ ನಿಂತು ನೀರು ಎಲ್ಲಿ ತಿರಗತೈತಿ ಅಂತ ಹೇಳು, ನಾವು ಕೇಳ್ತೀವಿ. ಗೆರಿ ಅಳಿಸಿ ಮತ್ತ ಹೊಡಿಯೂದಿದ್ರ ಹೊಡೀತೀವಿ. ನೀ ಹೂಂ ಅಂದ ಮ್ಯಾಲ ಕಾಯಿ ಒಡೆಯೂದು.

ಶಾಲು ಹೊದಿಸಿದವರಿಗೂ, ಬಿಸಲಾಗ ಕುಂತು ಕೇಳಿದವರಿಗೂ ನನ್ನ ಧನ್ಯವಾದ. ಹೊರಗ ನಿಂತಾಕಿಗೆ ಮೊದಲ ನಮಸ್ಕಾರ, ಆಮ್ಯಾಲ ನಿಮಗೆಲ್ಲಾ ನಮಸ್ಕಾರ.